ಒಂಬತ್ತು ದಿನದ ಮಳೆ

ಐವತ್ತು ದಾಟಿದ ಮೇಲೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಯಲು ಹೊರಟವಳು ನಾನು. ವಿರಾಜಪೇಟೆಯ ಭಾನುವಾರದ ಕ್ಲಾಸಿನಲ್ಲಿ ಮೇಷ್ಟ್ರು, "ನಿಮ್ಮ ಮನೆಯದೇ ಅಂಕಿಗಳನ್ನು ಕೂಡಿಸಿ ಅಭ್ಯಾಸ ಮಾಡಿ" ಎಂದರು. ನನ್ನ ಮನೆಯ ಅಂಕಿಗಳೆಂದರೆ ತೀರಿಹೋದ ಅಪ್ಪನ ಮಳೆ ಪುಸ್ತಕ.

ಶ್ರೀಮಂಗಲದ ಹತ್ತಿರ ಒಂದು ಎಸ್ಟೇಟಿನಲ್ಲಿ ಅಪ್ಪ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದರು. ದಿನಾ ಬೆಳಿಗ್ಗೆ ಎಂಟಕ್ಕೆ, ಮಳೆ ಅಳೆಯಲು ಇಟ್ಟ ರೇನ್‌ಗೇಜಿನ ನೀರನ್ನು ಅಳತೆಯ ಗಾಜಿಗೆ ಸುರಿದು, ಇಷ್ಟು ಇಂಚು ಇಷ್ಟು ಸೆಂಟ್ ಎಂದು ಬರೆಯುತ್ತಿದ್ದರು. ನೂರು ಸೆಂಟಿಗೆ ಒಂದು ಇಂಚು. ನಾನು ಅವರ ಹಿಂದೆಯೇ ಓಡುತ್ತಿದ್ದೆ. ಗಾಜು ಹಿಡಿಯಲು ಬಿಟ್ಟ ದಿನ ನನಗೆ ಹಬ್ಬ. ಅಪ್ಪನ ಆ ದುಂಡು ಅಕ್ಷರದ ಮೇಲೆ ಇವತ್ತಿಗೂ ಬೆರಳಾಡಿಸುತ್ತೇನೆ.

ನಾನು ಹತ್ತು ವರ್ಷದವಳಿದ್ದಾಗಿನ ಜುಲೈ ತಿಂಗಳನ್ನು ಆರಿಸಿಕೊಂಡೆ. ಒಂದು ದಿನಕ್ಕೆ ಒಂದು ಪುಟ್ಟ ಲಿಸ್ಟ್: [2, 30], ಅಂದರೆ ಎರಡು ಇಂಚು ಮೂವತ್ತು ಸೆಂಟ್. ಮರುದಿನ [1, 85]. ಇಂಥವನ್ನೆಲ್ಲ ಒಳಗಿಟ್ಟುಕೊಂಡ ದೊಡ್ಡ ಲಿಸ್ಟೇ ತಿಂಗಳು. ಎರಡು ದಿನಗಳ ನಡುವೆ ಕೂಡುವ ಚಿಹ್ನೆ ಹಾಕಿದೆ. ಬಂದದ್ದು [2, 30, 1, 85]. ಕೂಡಿಸು ಎಂದರೆ ಸಾಲಾಗಿ ನಿಲ್ಲಿಸಿತ್ತು! ಅರ್ಧ ಗಂಟೆ ಕಂಪ್ಯೂಟರನ್ನು ಬೈದ ಮೇಲೆ ಮೇಷ್ಟ್ರು ಹೇಳಿದ್ದ ಜಿಪ್ ಎಂಬ ಆಜ್ಞೆ ನೆನಪಾಯಿತು. ದೊಡ್ಡ ಲಿಸ್ಟಿನ ಮುಂದೆ ಒಂದು ನಕ್ಷತ್ರದ ಗುರುತು ಹಾಕಿ ಜಿಪ್‌ಗೆ ಕೊಟ್ಟರೆ ಇಂಚುಗಳೆಲ್ಲ ಒಂದು ಕಡೆ, ಸೆಂಟುಗಳೆಲ್ಲ ಇನ್ನೊಂದು ಕಡೆ. ಈಗ ಕೂಡಿದರೆ ಮೂರು ಇಂಚು, ನೂರ ಹದಿನೈದು ಸೆಂಟ್. ನೂರು ಸೆಂಟನ್ನು ಇಂಚಿಗೆ ದಾಟಿಸಬೇಕೆಂಬುದು ಅದಕ್ಕೇನು ಗೊತ್ತು ಪಾಪ, ಅದನ್ನು ನಾನೇ ಹೇಳಿಕೊಟ್ಟೆ. ನಾಲ್ಕು ಇಂಚು ಹದಿನೈದು ಸೆಂಟ್.

ತಿಂಗಳ ನಡುವೆ ಒಂಬತ್ತು ದಿನ ಬರೀ ಕೆಂಪು ಗೆರೆ. ಅಲ್ಲೆಲ್ಲ [0, 0] ಒತ್ತುತ್ತಾ ಹೋದೆ. ಪಕ್ಕದಲ್ಲಿ ಮೊರ ಇಟ್ಟುಕೊಂಡು ಕಾಳುಮೆಣಸು ಆರಿಸುತ್ತಿದ್ದ ಅಮ್ಮ ಇಣುಕಿದಳು.

"ಸೊನ್ನೆ ಯಾಕೆ ಹಾಕ್ತಿದ್ದೀಯ? ಆವತ್ತು ಮಳೆ ಬಂದಿರ್ಲಿಲ್ವಾ?"

ಬಂದಿತ್ತು. ಅಪ್ಪ ಜ್ವರದಲ್ಲಿ ಮಲಗಿದ್ದ ಆ ಒಂಬತ್ತು ದಿನ ಅಮ್ಮನೇ ಕೊಡೆ ಹಿಡಿದು ಹೋಗಿ ಅಳೆದು, ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದಿಟ್ಟಿದ್ದಳು. ಎದ್ದು ಕೂತ ಅಪ್ಪ ಅದನ್ನು ನೋಡಿ, "ನಿನ್ನ ಅಂದಾಜೆಲ್ಲ ಪುಸ್ತಕಕ್ಕೆ ಬರಲ್ಲ ಕಣೆ" ಎಂದು ನಕ್ಕುಬಿಟ್ಟರು. ಅಮ್ಮ ಹಾಳೆಯನ್ನು ಮಡಚಿ ಎತ್ತಿಟ್ಟಳು. ಅಪ್ಪನನ್ನು ಎಷ್ಟೇ ಹಚ್ಚಿಕೊಂಡಿದ್ದರೂ ಆ ನಗುವಿಗೆ ನನಗೆ ಈಗ ಸಿಟ್ಟು ಬರುತ್ತದೆ.

ಅಮ್ಮ ಒಳಗೆ ಹೋಗಿ ಟ್ರಂಕಿನಿಂದ ಆ ಹಾಳೆಯನ್ನೇ ತಂದಳು. ನಲವತ್ತು ವರ್ಷ ಇಟ್ಟುಕೊಂಡಿದ್ದಾಳೆ! ಅವಳು ಒಂದೊಂದೇ ಓದಿದಳು, ನಾನು ಸೊನ್ನೆಗಳನ್ನು ಅಳಿಸಿ ತುಂಬಿದೆ. ತಿಂಗಳ ಮೊತ್ತ ಅಪ್ಪ ಬರೆದದ್ದಕ್ಕಿಂತ ಮೂವತ್ತೊಂದು ಇಂಚು ನಲವತ್ತು ಸೆಂಟ್ ಮೇಲೇರಿತು.

"ನಂದೂ ಸೇರ್ತಾ?"

"ಸೇರ್ತು ಕಣಮ್ಮ."

ಅವಳು ಮೊರ ಮರೆತು ಪರದೆಯನ್ನೇ ನೋಡುತ್ತಾ ಕೂತಳು. ನನಗೆ ತಡೆಯಲಾಗಲಿಲ್ಲ.

"ಅಮ್ಮ, ಆ ಕೆಂಪು ಗೆರೆ ಎಳೆದಿದ್ದು ನಾನು. ಅಪ್ಪ ಕೆಂಪು ಪೆನ್ಸಿಲ್ ಕೊಟ್ರು. ದೊಡ್ಡ ಕೆಲಸ ಸಿಕ್ತು ಅಂತ ಖುಷಿಯಾಗಿ ಎಳೆದುಬಿಟ್ಟೆ."

"ಗೊತ್ತು ಕಣೆ," ಎಂದಳು ಅಮ್ಮ. "ನಿಮ್ಮಪ್ಪ ಎಳೆದಿದ್ರೆ ಅಷ್ಟು ಸೊಟ್ಟ ಇರ್ತಿರ್ಲಿಲ್ಲ."