ಗೆರೆ ದಾಟದ ಕೆಂಪು

ಗಲ್ಫಿನಿಂದ ಬಂದ ಮುಲಾಮಿನ ಟ್ಯೂಬಿನ ಮೇಲೆ ಉಮ್ಮನಿಗೆ, ಅಂದರೆ ನನ್ನ ತಾಯಿಗೆ, ಇದ್ದ ನಂಬಿಕೆ ಯಾವ ಡಾಕ್ಟರ ಮೇಲೂ ಇರಲಿಲ್ಲ. ಮೇಲೆ ಅರಬ್ಬಿ ಅಕ್ಷರ ಇದ್ದರೆ ಸಾಕು, ಸುಟ್ಟ ಗಾಯಕ್ಕೂ ಅದೇ, ಒಡೆದ ಹಿಮ್ಮಡಿಗೂ ಅದೇ. ಕಣಕಾಲಿನಲ್ಲಿ ಸೊಳ್ಳೆ ಕಚ್ಚಿದ್ದು ಕೆರೆದು ಹುಣ್ಣಾದಾಗಲೂ ನಾಲ್ಕು ದಿನ ಅದನ್ನೇ ಮೆತ್ತಿದರು. ಐದನೆಯ ದಿನ ಕಾಲು ಕೆಂಪೇರಿ ಮುಟ್ಟಿದರೆ ಬಿಸಿ. ನಾನು ಬಂಟ್ವಾಳದ ಅಂಗಡಿಗೆ ಬೀಗ ಹಾಕಿ, ಗೊಣಗುತ್ತಲೇ ಅವರನ್ನು ಬಿ.ಸಿ.ರೋಡಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

“ಮುಲಾಮು ಚರ್ಮದ ಮೇಲೆ ಮಾತ್ರ ಕೆಲಸ ಮಾಡ್ತದೆ. ಇದು ಚರ್ಮದ ಅಡಿಗೆ ಇಳಿದಾಗಿದೆ, ಮಾತ್ರೆಯೇ ಬೇಕು,” ಎಂದ ಡಾಕ್ಟರು ಬಾಲ್‌ಪೆನ್ನಿನಿಂದ ಕೆಂಪಿನ ಅಂಚಿಗೆ ಸುತ್ತ ಗೆರೆ ಎಳೆದರು. ಉಮ್ಮ ಹೊರಗೆ ಹೋಗಿ ಚಪ್ಪಲಿ ಹುಡುಕುತ್ತಿದ್ದಾಗ ನನ್ನೊಬ್ಬನಿಗೆ ಹೇಳಿದರು: “ಕೆಂಪು ಗೆರೆ ದಾಟಿದರೆ ಕೂಡಲೇ ಬನ್ನಿ. ತಡ ಆದರೆ ಕಾಲಿಗೇ ಅಪಾಯ ಉಂಟು.”

ಮಾತ್ರೆಯ ಹೊತ್ತು ಉಮ್ಮನಿಗೆ ಹೇಳಿದೆ. ಗೆರೆಯ ವಿಷಯ ಹೇಳಲಿಲ್ಲ. ನೋಡುವವನು ನಾನು ತಾನೇ ಎಂಬ ದೊಡ್ಡಸ್ತಿಕೆ.

ದಿನಾ ಸಂಜೆ ನೋಡಿದೆ. ಕೆಂಪು ಗೆರೆಯ ಒಳಗೇ ಇತ್ತು. ಗೆರೆ ನೋಡುವ ಭರದಲ್ಲಿ ಕಾಲು ನೋಡುವುದು ಬಿಟ್ಟೆ. ಮೂರನೆಯ ಸಂಜೆ ಉಮ್ಮ ಜ್ವರದಿಂದ ಗಡಗಡ ನಡುಗುತ್ತಿದ್ದರು. ಮತ್ತೆ ಅದೇ ಡಾಕ್ಟರ ಹತ್ತಿರ ಓಡಿದೆವು.

“ಗೆರೆ ದಾಟಲೇ ಇಲ್ಲ ಡಾಕ್ಟ್ರೇ,” ಎಂದೆ. ಅವರು ಮೊಣಕಾಲಿನ ಹತ್ತಿರ ಇದ್ದ ಗೆರೆಯನ್ನು ನೋಡಿ, “ಇದು ನಾನು ಹಾಕಿದ್ದಲ್ಲ,” ಎಂದರು.

“ನಮಾಝಿಗೆ ಐದು ಹೊತ್ತು ಕಾಲು ತೊಳೆಯುವಾಗ ಅಳಿಸಿ ಹೋಗ್ತದೆ,” ಎಂದರು ಉಮ್ಮ. “ಕೆಂಪು ಎಲ್ಲಿವರೆಗೆ ಉಂಟೋ ಅಲ್ಲಿವರೆಗೆ ನಾನೇ ಸರಿ ಮಾಡಿ ಹಾಕಿದೆ.”

ಅಲ್ಲಿಂದ ಆಸ್ಪತ್ರೆಗೆ ಸೇರಿಸಿದೆವು. ಡ್ರಿಪ್‌ನಲ್ಲಿ ಮದ್ದು ಏರಿ, ಒಂದು ವಾರದ ಮೇಲೆ ಊತ ಇಳಿಯಿತು. ಕಾಲು ಉಳಿಯಿತು.

ಮನೆಗೆ ಹೊರಡುವ ದಿನ ಆಸ್ಪತ್ರೆಯ ಡಾಕ್ಟರು ಬಿ.ಸಿ.ರೋಡಿನ ಡಾಕ್ಟರ ಚೀಟಿ ಓದಿ ಉಮ್ಮನನ್ನೇ ಕೇಳಿದರು, “ಗೆರೆ ಯಾಕೆ ಹಾಕಿದ್ದು ಅಂತ ನಿಮಗೆ ಯಾರೂ ಹೇಳಿರಲಿಲ್ವಾ ಅಮ್ಮಾ?”

ಉಮ್ಮ ಒಮ್ಮೆ ನನ್ನ ಮುಖ ನೋಡಿದರು.

“ಮಗ ಹೇಳಿದ್ದ,” ಎಂದರು. “ನಾನೇ ಮರೆತೆ.”