ಬೇರಿಲ್ಲದ ಕಲ್ಲು

ಅವನನ್ನು ಎಲ್ಲರೂ ಹಳದಿಯಣ್ಣ ಎಂದೇ ಕರೆಯುತ್ತಿದ್ದರು. ಮನೆಗಳಿಗೆ ಬಣ್ಣ ಬಳಿಯುವುದು ಅವನ ಕಸುಬು. ವರ್ಷಕ್ಕೊಮ್ಮೆ, ಎರಡು ಬೆಟ್ಟಗಳ ನಡುವಿನ ಕಂಡಿಯವರೆಗೂ ಕಾಲುದಾರಿಗೆ ಹಳದಿ ಬಾಣದ ಗುರುತು ಹಾಕಿ ಬರುವುದೂ ಹದಿನೇಳು ವರ್ಷದಿಂದ ಅವನದೇ ಕೆಲಸ. ಉಗುರಿನ ಸಂದಿಯ ಹಳದಿ ತೊಳೆದರೂ ಹೋಗದು. "ನಿಮ್ಮ ಉಗುರು ನೋಡ್ಕೊಂಡು ನಡೆದ್ರೂ ದಾರಿ ತಪ್ಪಲ್ಲ" ಎಂದು ಹೆಂಡತಿ ನಗುತ್ತಿದ್ದಳು. ಕಳೆದ ವರ್ಷದಿಂದ ಆ ಮಾತು ಬಂದರೆ ಅವನು ಊಟ ಬಿಟ್ಟು ಏಳುತ್ತಿದ್ದ. ಯಾಕೆಂದು ಅವಳಿಗೆ ತಿಳಿಯದು.

ಈ ಸಲ ಬಣ್ಣದ ಡಬ್ಬಿ ಹಿಡಿದು ಹೊರಟಾಗ ಬಾಗಿಲಲ್ಲಿ ಟೈಲರಮ್ಮ ನಿಂತಿದ್ದಳು. ಆಕೆಯ ಒಬ್ಬನೇ ಮಗ ಕಳೆದ ವರ್ಷ ಮಂಜಿನಲ್ಲಿ ದಾರಿ ತಪ್ಪಿ ಕಂಡಿಯ ಹತ್ತಿರ ಪ್ರಪಾತಕ್ಕೆ ಬಿದ್ದು ತೀರಿಕೊಂಡಿದ್ದ.

"ಆ ಜಾಗ ಒಂದು ಸಲ ನೋಡ್ಬೇಕಪ್ಪ. ನೀನು ಮುಂದೆ ನಡಿ, ನಾನು ಹಿಂದೆ ಬರ್ತೀನಿ."

ಅವನು ಮುಂದೆ ನಡೆದ.

ಕಾಡಿನಲ್ಲಿ ಮರದ ಮೇಲಿನ ಒಂದೊಂದು ಬಾಣವನ್ನೂ ಆಕೆ ಬಟ್ಟೆಯ ನೇಯ್ಗೆ ಪರೀಕ್ಷಿಸುವಂತೆ ಬೆರಳಿನಿಂದ ಸವರಿದಳು.

"ಒಂದೂ ಓರೆ ಇಲ್ಲ. ನನ್ನ ಅಂಗಡಿ ಸೇರ್ಕೋಬಹುದಿತ್ತು ನೀನು."

"ಕತ್ತರಿ ಕೊಟ್ರೆ ಬೆರಳನ್ನೇ ಕತ್ತರಿಸ್ಕೋತೀನಮ್ಮ."

"ಅವತ್ತು ಹೊರಡುವಾಗಲೂ ಮಗ ಹೇಳಿದ್ದ. ಹಳದಿಯಣ್ಣನ ಬಾಣ ಇದೆಯಲ್ಲಮ್ಮ, ಭಯ ಯಾಕೆ ಅಂತ."

ಅವನು ಡಬ್ಬಿಯನ್ನು ಇನ್ನೊಂದು ಕೈಗೆ ಬದಲಾಯಿಸಿ ಮುಂದೆ ನಡೆದ.

ಕಾಡು ಮುಗಿದು ಹುಲ್ಲುಗಾವಲು ಬಂತು. ಅಲ್ಲಿ ಮರವಿಲ್ಲ, ಗುರುತು ಕಲ್ಲಿನ ಮೇಲೆಯೇ. ನೆಲದಲ್ಲಿ ಬೇರು ಬಿಟ್ಟ ಬಂಡೆಗೆ ಮಾತ್ರ ಬಣ್ಣ ಹಚ್ಚಬೇಕೆಂದು ಕೆಲಸ ಕಲಿಸಿದವರು ಕಟ್ಟಪ್ಪಣೆ ಮಾಡಿದ್ದರು. ಕಳೆದ ವರ್ಷ ಕೊನೆಯ ಗುರುತಿನ ಹೊತ್ತಿಗೆ ತುಂತುರು ಹನಿಯಿತು. ಒದ್ದೆ ಬಂಡೆಯ ಮೇಲೆ ಬಣ್ಣ ನಿಲ್ಲಲಿಲ್ಲ. ಪಕ್ಕದ ಬಿಡಿ ಕಲ್ಲೊಂದನ್ನು ಮಗುಚಿ, ಒಣಗಿದ್ದ ಅಡಿಭಾಗಕ್ಕೆ ಬಾಣ ಬರೆದ. ನಾಳೆ ಬಂದು ಸರಿಮಾಡಿದರಾಯಿತು ಅಂದುಕೊಂಡ. ನಾಳೆ ಎಂದವನ ಮನೆ ಹಾಳು ಅನ್ನುತ್ತಾರೆ. ಹಾಳಾದದ್ದು ಬೇರೆಯವರ ಮನೆ.

ಮೇಯುವ ದನದ ಕಾಲು ತಗುಲಿತೋ ಏನೋ, ಕಲ್ಲು ಹೊರಳಿತ್ತು. ಹುಡುಗನನ್ನು ಹುಡುಕಲು ಹೋದವರಲ್ಲಿ ಮೊದಲು ತಲುಪಿದವನು ಹಳದಿಯಣ್ಣನೇ. ಬಾಣ ಪ್ರಪಾತದ ಕಡೆ ತಿರುಗಿತ್ತು. ಕಲ್ಲನ್ನೆತ್ತಿ ಕೆಳಗೆ ಎಸೆದ. ಮೇಲಿರುವವನ ಹೊರತು ಯಾರೂ ನೋಡಲಿಲ್ಲ.

ಕಂಡಿಯಲ್ಲಿ ಗಾಳಿ ಬೀಸುತ್ತಿತ್ತು. ಟೈಲರಮ್ಮ ಅಂಚಿನಿಂದ ತುಸು ದೂರ ಕೂತಳು.

"ಬಾಣ ನೋಡ್ಕೊಂಡೇ ಹೋಗೋ ಮಗ. ಹೇಗೆ ದಾರಿ ತಪ್ಪಿದ?"

ಆಕೆ ಕೇಳಿದ್ದು ಅವನನ್ನಲ್ಲ. ಆದರೂ ವರ್ಷವಿಡೀ ಬಚ್ಚಿಟ್ಟಿದ್ದದ್ದು ಅಲ್ಲೇ ಹೊರಬಿತ್ತು. ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ.

ಆಕೆ ಅಳಲಿಲ್ಲ, ಶಾಪ ಹಾಕಲಿಲ್ಲ. ಅವನ ಉಗುರುಗಳನ್ನೇ ಬಹಳ ಹೊತ್ತು ನೋಡಿದಳು.

"ಕಲ್ಲು ಎಸೆದಾಗ ಅವನಿನ್ನೂ ಕೆಳಗೇ ಇದ್ನಾ?"

ಅವನು ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ಒತ್ತಿದ.

ಆಕೆ ಎದ್ದು, ತಾನೇ ಮುಂದಾಗಿ ಇಳಿಯತೊಡಗಿದಳು. ಗುರುತಿನ ಬಂಡೆ ಸಿಕ್ಕಲ್ಲೆಲ್ಲ ಕಾಲಿನಿಂದ ಒತ್ತಿ ನೋಡಿ ಮುಂದೆ ಹೋಗುತ್ತಿದ್ದಳು. ಒಂದೂ ಅಲುಗಲಿಲ್ಲ. ದಾರಿ ಕವಲೊಡೆದಲ್ಲಿ ಅವನು ಹಿಂದಿನಿಂದ ಮೆಲ್ಲಗೆ ಹೇಳಿದ, "ಎಡಕ್ಕಮ್ಮ."

ಆಕೆ ನಿಂತಳು. ತಿರುಗಿ ನೋಡಲಿಲ್ಲ. ಬಾಗಿ, ಅಲ್ಲಿದ್ದ ಬಾಣದ ಬಂಡೆಯನ್ನು ಎರಡೂ ಕೈಯಿಂದ ಬಲವಾಗಿ ನೂಕಿ ನೋಡಿದಳು. ಆಮೇಲೆ ಎಡಕ್ಕೆ ಇಳಿದಳು.