ಜೋಕಾಲಿಯ ಎದುರಿನ ಕುರ್ಚಿ

ನನ್ನ ಹೊಟ್ಟೆಕಿಚ್ಚಿಗೆ ಒಂದು ಬಣ್ಣವಿತ್ತು, ನೇರಳೆ. ಅಮೆರಿಕದಲ್ಲಿ ನೇರಳೆ ಅಂಗಿ ತೊಟ್ಟು ಬಾಸ್ಕೆಟ್‌ಬಾಲ್ ಆಡುವ ಒಂದು ತಂಡದ ಪರವಾಗಿ ನಾನು ಅಹಮದಾಬಾದಿನ ವಸ್ತ್ರಾಪುರದಲ್ಲಿ ಕೂತು ಗಂಟಲು ಹರಿಯುವಂತೆ ವಾದ ಮಾಡಿದ್ದೇನೆ. ನಾನು ಧಾರವಾಡದವಳು, ಜನ್ಮದಲ್ಲಿ ಆ ಚೆಂಡನ್ನು ಮುಟ್ಟಿದವಳಲ್ಲ. ಆ ಆಟದ ಗಂಧಗಾಳಿಯೂ ನನಗಿರಲಿಲ್ಲ. ಇದ್ದದ್ದು ಮೇಲಿನ ಮನೆಯಾಕೆ ಬೆನ್ ಅವರ ಮೇಲಿನ ಹೊಟ್ಟೆಸಂಕಟ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನನ್ನ ಗಂಡನಿಗೆ ವಿಮಾ ಕಚೇರಿಯಲ್ಲಿ ಕೆಲಸ. ವರ್ಗವಾಗಿ ಬಂದವರು ನರೋಡಾ ಶಾಖೆಗೆ ಬಿದ್ದಿದ್ದರು. ಊರಿನ ಆ ತುದಿಗೆ ಬೆಳಗ್ಗೆ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದರು, ಬಂದ ಮೇಲೆ ಮಾತಾಡುವ ತ್ರಾಣ ಅವರಲ್ಲಿ ಉಳಿದಿರುತ್ತಿರಲಿಲ್ಲ. ಮಕ್ಕಳಿಬ್ಬರೂ ತಮ್ಮ ತಮ್ಮಲ್ಲಿ ಗುಜರಾತಿ ಆಡುತ್ತಿದ್ದರು, ನಾನು ಕನ್ನಡದಲ್ಲಿ ಬೈದರೆ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದರು. ನನ್ನ ಮಾತು ಪೂರ್ತಿಯಾಗಿ ಕೇಳಿಸಿಕೊಳ್ಳುವ ಒಂದೇ ಜೀವ ಎಂದರೆ ಎದುರುಬಾಗಿಲಿನ ಮೈಸೂರಿನ ಗೆಳತಿ. ಅವಳ ಗಂಡ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯಲ್ಲಿದ್ದರು. ನಾಲ್ಕು ಗಂಟೆಗೆ ಚಹಾ ಕಾಸಿದೆನೆಂದರೆ ಅವಳ ಬಾಗಿಲು ತೆರೆಯುವ ಸದ್ದು ಕೇಳಬೇಕು. ನನ್ನ ಮಾತನ್ನು ಅವಳು ಅಣಕಿಸುತ್ತಿದ್ದಳು, ಅವಳದ್ದನ್ನು ನಾನು ಅಣಕಿಸುತ್ತಿದ್ದೆ. ಅಷ್ಟು ಹೊತ್ತು ನಾನು ಊರಲ್ಲಿರುತ್ತಿದ್ದೆ.

ಮೊದಲ ಮಹಡಿಯಲ್ಲಿ ಬೆನ್ ಇದ್ದರು. ಗುಜರಾತಿನಲ್ಲಿ ಹೆಂಗಸರನ್ನೆಲ್ಲ ಬೆನ್ ಎಂದೇ ಕರೆಯುವುದು, ಆದರೆ ನಮ್ಮ ವಸತಿ ಸೊಸೈಟಿಯಲ್ಲಿ ಬರೀ ಬೆನ್ ಎಂದರೆ ಅವರೊಬ್ಬರೇ. ದುಂಡು ಮುಖ, ದೊಡ್ಡ ನಗು, ಯಾರ ಮನೆಗಾದರೂ ತಟ್ಟೆ ತುಂಬ ಏನಾದರೂ ಕಳಿಸುವ ಕೈ. ಬಯ್ಯಲು ಒಂದು ಕಾರಣವೂ ಸಿಗದಂಥ ಹೆಂಗಸು. ಅವರ ತಮ್ಮ ಅಮೆರಿಕದಲ್ಲಿ ಮೋಟೆಲ್ ನಡೆಸುತ್ತಿದ್ದ. ಬಾಸ್ಕೆಟ್‌ಬಾಲ್ ಆಡುವ ಕೆಂಪು ಅಂಗಿಯ ಇನ್ನೊಂದು ತಂಡ ಅವನ ಊರಿನದು. ಪ್ರತಿ ಭಾನುವಾರ ಅವನು ಫೋನ್ ಮಾಡಿ ಅಕ್ಕನ ಕ್ಷೇಮಕ್ಕಿಂತ ಹೆಚ್ಚಾಗಿ ಆ ತಂಡದ ಕ್ಷೇಮ ಹೇಳುತ್ತಿದ್ದನಂತೆ. ಅಲ್ಲಿ ರಾತ್ರಿ ಆಡುವ ಆಟ ನಮಗೆ ಬೆಳಗ್ಗೆ ಕೇಬಲ್ಲಿನಲ್ಲಿ ಬರುತ್ತಿತ್ತು. ಬೆನ್ ತಮ್ಮನ ಮುಖ ಕಂಡಷ್ಟೇ ಸಂತೋಷದಿಂದ ಅದನ್ನು ನೋಡುತ್ತಿದ್ದರು.

ನನ್ನ ಗೆಳತಿ ಮೈಸೂರಿನಲ್ಲಿ ಶಾಲೆಯ ತಂಡಕ್ಕೆ ಬಾಸ್ಕೆಟ್‌ಬಾಲ್ ಆಡಿದ್ದವಳು. ಇಷ್ಟು ವರ್ಷ ಜೊತೆಗೆ ಚಹಾ ಕುಡಿದ ನನಗೆ ಹೇಳಿರಲಿಲ್ಲ, ಒಂದು ತಟ್ಟೆ ಢೋಕ್ಲಾ ತಂದ ಬೆನ್‌ಗೆ ಬಾಗಿಲಲ್ಲೇ ಹೇಳಿದಳು. ಮರುದಿನದಿಂದ ನಾಲ್ಕು ಗಂಟೆಗೆ ಅವಳ ಬಾಗಿಲು ತೆರೆಯುತ್ತಿತ್ತು, ಚಪ್ಪಲಿ ಸದ್ದು ಮಾತ್ರ ಮೆಟ್ಟಿಲು ಹತ್ತಿ ಹೋಗುತ್ತಿತ್ತು. ನನ್ನ ಒಲೆಯ ಮೇಲೆ ಇಬ್ಬರ ಚಹಾ ಕುದಿದು ಕುದಿದು ಕಹಿಯಾಗುತ್ತಿತ್ತು, ನಾನೇ ಎರಡೂ ಲೋಟ ಕುಡಿಯುತ್ತಿದ್ದೆ.

ಎಷ್ಟು ದಿನ ಹಾಗಿರಲಿ? ಒಂದು ದಿನ ನಾನೂ ಮೆಟ್ಟಿಲು ಹತ್ತಿದೆ. ಬೆನ್ ಅವರ ಹಾಲಿನ ನಡುವೆ ಹಿತ್ತಾಳೆ ಸರಪಳಿಯ ದೊಡ್ಡ ಜೋಕಾಲಿ. ಅದರ ಮೇಲೆ ಇಬ್ಬರೂ ಅಕ್ಕಪಕ್ಕ ಕೂತು, ಕಾಲಿನಿಂದ ನೆಲ ಒತ್ತಿ ತೂಗುತ್ತಾ ಹರಟುತ್ತಿದ್ದರು. ಅದು ಇಬ್ಬರ ಜೋಕಾಲಿ. ಬೆನ್ "ಆವೋ, ಆವೋ" ಎಂದು ಬಾಯಿತುಂಬ ಕರೆದು, ಟೀವಿಯ ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಕುರ್ಚಿ ತೋರಿಸಿದರು. ಟೀವಿಗೆ ಬೆನ್ನು, ಜೋಕಾಲಿಗೆ ಮುಖ. ಆ ಕುರ್ಚಿಯಲ್ಲಿ ಕೂತು ನಾನು ಆ ಇಬ್ಬರು ಮುಂದೆ ಬರುವುದನ್ನೂ ಹಿಂದೆ ಹೋಗುವುದನ್ನೂ ನೋಡುತ್ತಿದ್ದೆ. ಮೈಯೆಲ್ಲ ಉರಿಯುತ್ತಿತ್ತು, ಅಹಮದಾಬಾದಿನ ಮೇ ತಿಂಗಳು ಬೇರೆ.

ಆಗ ಪ್ಲೇಆಫ್ ನಡೆಯುತ್ತಿತ್ತು. ವರ್ಷದ ಆಟ ಮುಗಿದು, ಗೆದ್ದ ತಂಡಗಳಷ್ಟೇ ಉಳಿದು, ಸೋತವರು ಒಬ್ಬೊಬ್ಬರೇ ಮನೆಗೆ ಹೋಗುವ ಘಟ್ಟ. ಕೊನೆಗುಳಿದ ಎರಡು ತಂಡಗಳ ನಡುವೆ ಏಳು ಆಟ, ಮೊದಲು ನಾಲ್ಕು ಗೆದ್ದವರಿಗೆ ಕಪ್. ಪ್ರತಿ ಬೇಸಿಗೆ ಮಕ್ಕಳ ರಜೆಗೆ ತವರಿಗೆ ಹೋದರೆ ಶಾಲೆ ತೆರೆಯುವ ಹಿಂದಿನ ದಿನ ಬರುತ್ತಿದ್ದ ಗೆಳತಿ ಆ ವರ್ಷ ಮೈಸೂರಿನಿಂದ ಬೇಗನೆ ಬಂದುಬಿಟ್ಟಿದ್ದಳು. ನನಗಾಗಿ ಬಂದಳೇನೋ ಎಂದು ಬಾಗಿಲು ತೆರೆದು ನಿಂತೆ. ಅವಳು ಚೀಲ ಒಳಗಿಟ್ಟವಳೇ ಮೇಲಕ್ಕೆ ಹೋದಳು.

ಆದರೆ ಆ ಕುರ್ಚಿಯಲ್ಲಿ ಕೂತು ಕೂತು ಒಂದು ವಿಷಯ ಗಮನಿಸಿದೆ. ಬೆನ್ ಕೆಂಪು ತಂಡದವರು, ಗೆಳತಿಯೂ ಕೆಂಪು ತಂಡದವಳು. ಒಬ್ಬರು "ನಿನ್ನೆ ಚೆನ್ನಾಗಿ ಆಡಿದರು" ಎಂದರೆ ಇನ್ನೊಬ್ಬರು "ಹೌದು, ತುಂಬ ಚೆನ್ನಾಗಿ" ಎನ್ನುತ್ತಿದ್ದರು. ಈ ಸಲವೂ ಕಪ್ ನಮ್ಮದೇ ಎಂದು ಒಬ್ಬರು, ನಮ್ಮದೇ ಎಂದು ಇನ್ನೊಬ್ಬರು. ಅಲ್ಲಿಗೆ ಮಾತು ಮುಗಿದು ಸರಪಳಿಯ ಕಿರುಗುಟ್ಟುವಿಕೆ ಉಳಿಯುತ್ತಿತ್ತು. ಗೆಳತಿ ಆಕಳಿಸುತ್ತಿದ್ದಳು, ಪಕ್ಕದಲ್ಲಿದ್ದ ಬೆನ್‌ಗೆ ಅದು ಕಾಣುತ್ತಿರಲಿಲ್ಲ.

"ಕೊನೆಗೆ ಇವರಿಗೆ ಎದುರಾಗೋರು ಯಾರು?" ಎಂದು ಒಂದು ದಿನ ಕೇಳಿದೆ.

"ನೇರಳೆ ಅಂಗಿಯೋರೇ ಇರಬೇಕು ಕಣ್ರೀ," ಎಂದಳು ಗೆಳತಿ. "ಹೋದ ವರ್ಷಾನೂ ಅವರೇ ಬಂದು ಸೋತು ಹೋದ್ರು. ಪಾಪ, ವಯಸ್ಸಾದೋರು."

"ಹಂಗಾದ್ರ ನಾ ನೇರಳೆಯವರ ಕಡೆ," ಎಂದುಬಿಟ್ಟೆ.

ಗೆಳತಿ ಕಾಲು ನೆಲಕ್ಕೂರಿ ಜೋಕಾಲಿ ನಿಲ್ಲಿಸಿದಳು.

"ನಿಮಗೆ ಆ ಆಟದ ತಲೆಬುಡ ಗೊತ್ತಾ?"

"ನಿಮ್ಮ ಕೆಂಪಿನವರು ಏನು ನಿನ್ನೆ ಮೊನ್ನಿ ಹುಟ್ಯಾರೇನ್ರಿ? ಅವರಿಗೂ ವಯಸ್ಸಾಗೇದ. ಹೋದ ವರ್ಷ ಸೋತವರಿಗೆ ಸಿಟ್ಟಿರತದ. ಸಿಟ್ಟಿದ್ದವರ ಆಟಾನ ಬ್ಯಾರೆ."

ಸಿಟ್ಟಿನ ವಿಷಯ ನನಗೆ ಚೆನ್ನಾಗಿ ಗೊತ್ತಿತ್ತು, ಅದನ್ನೇ ಹೇಳಿದೆ. ಗೆಳತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಾಗಿದಳು. ಸಿಟ್ಟಿದ್ದರೆ ಚೆಂಡು ಬುಟ್ಟಿಗೆ ಬೀಳುತ್ತದಾ, ಕೊನೆಯ ಐದು ನಿಮಿಷದಲ್ಲಿ ಉಸಿರು ಬೇಡವಾ, ಎದುರಾಳಿಯನ್ನು ಕಾಯುವ ಕಾಲು ಬೇಡವಾ ಎಂದು ಕನ್ನಡದಲ್ಲಿ ಒಂದೇ ಸಮನೆ ಶುರುಮಾಡಿದಳು. ಬೆನ್ "ಕ್ಯಾ? ಕ್ಯಾ ಬೋಲಾ?" ಎಂದು ನಮ್ಮಿಬ್ಬರ ಮುಖ ನೋಡುತ್ತಿದ್ದರು. ಹೇಳುವ ಪುರುಸೊತ್ತು ನಮಗಿರಲಿಲ್ಲ. ಎಷ್ಟೋ ದಿನಗಳ ಮೇಲೆ ನನಗೆ ಚಹಾ ರುಚಿಸಿತು.

ಅಲ್ಲಿಂದ ಮುಂದೆ ನನಗೆ ಹುಚ್ಚೇ ಹಿಡಿಯಿತು. ಗಂಡನಿಗೆ ಹೇಳಿ ಕಚೇರಿಯ ಇಂಗ್ಲಿಷ್ ಪತ್ರಿಕೆಯ ಆಟದ ಪುಟ ತರಿಸಿದೆ. ಕ್ರಿಕೆಟ್ಟಿನ ಕೆಳಗೆ ಮೂಲೆಯಲ್ಲಿ ಬರುತ್ತಿದ್ದ ನಾಲ್ಕು ಸಾಲನ್ನು ನಾಲ್ಕು ಸಲ ಓದಿಕೊಂಡೆ. ಅವರು ತಲೆಯ ಮೇಲೆ ಕೈಯಿಟ್ಟುಕೊಂಡು, "ನಿನಗ್ಯಾಕ ಬೇಕಾಗಿತ್ತು ಇದೆಲ್ಲಾ?" ಎಂದು ಕೇಳಿದರು. ಸೊಸೈಟಿಯ ನಲ್ಲಿಗೆ ನೀರು ಬರುವುದೂ ಆಟ ಬರುವುದೂ ಒಂದೇ ಹೊತ್ತಿಗೆ. ಅವರ ಕೈಗೆ ಕೊಡಪಾನ ಕೊಟ್ಟು ನಾನು ಮೇಲೆ ಹೋಗುತ್ತಿದ್ದೆ. ಅಲ್ಲಿಯೂ ಟೀವಿ ನೋಡುತ್ತಿದ್ದದ್ದು ಕಡಿಮೆ. ಅದೇ ಕುರ್ಚಿ, ಅದೇ ದಿಕ್ಕು. ಗೆಳತಿಯ ಮುಖ ಅರಳಿದರೆ ಕೆಂಪು ಗೆಲ್ಲುತ್ತಿದೆ, ಬಾಡಿದರೆ ನನ್ನವರು ಗೆಲ್ಲುತ್ತಿದ್ದಾರೆ ಎಂದು ಲೆಕ್ಕ. ಆ ಲೆಕ್ಕ ಒಂದು ದಿನವೂ ತಪ್ಪಿರಲಿಲ್ಲ.

ಗೆಳತಿಗೆ ಇಷ್ಟು ದಡ್ಡ ಎದುರಾಳಿ ಸಾಕಾಗಲಿಲ್ಲವೋ ಏನೋ, ನನಗೆ ಪಾಠ ಹೇಳತೊಡಗಿದಳು. ಅದಕ್ಕಾಗಿ ನಮ್ಮ ಮನೆಗೇ ಬರುತ್ತಿದ್ದಳು. ಅಡುಗೆ ಕಟ್ಟೆಯ ಮೇಲೆ ಬೇಳೆ ಡಬ್ಬಿ, ಖಾರದ ಡಬ್ಬಿ, ಚಹಾಪುಡಿ ಡಬ್ಬಿ ಜೋಡಿಸಿ, "ನೋಡಿ, ನಿಮ್ಮ ನೇರಳೆಯೋರ ದೊಡ್ಡ ಉಪಾಯ ಇದೊಂದೇ. ಈ ದಪ್ಪನೆಯವನು ಹೋಗಿ ಅಡ್ಡ ನಿಂತ್ಕೋತಾನೆ. ಚೆಂಡು ಹಿಡಿದ ಇವನನ್ನ ಕಾಯ್ತಿದ್ದೋನು ಆ ಗೋಡೆಗೆ ಸಿಕ್ಕಿಹಾಕ್ಕೋತಾನೆ. ಅಷ್ಟರಲ್ಲಿ ಇವನು ಸುತ್ತಿ ಬಂದ" ಎಂದು ತೋರಿಸಿದಳು. ಅಡ್ಡ ನಿಲ್ಲುವ ಉಪಾಯ ನನಗೆ ಹೇಳಿಕೊಡಬೇಕಾಗಿರಲಿಲ್ಲ, ಒಂದು ತಿಂಗಳಿನಿಂದ ಅದನ್ನೇ ಮಾಡುತ್ತಿದ್ದೆ.

ಅವಳು ಹೇಳಿದಂತೆಯೇ ಕೆಂಪೂ ನೇರಳೆಯೂ ಫೈನಲ್ಲಿಗೆ ಬಂದರು. ಮೊದಲ ಆಟ ನನ್ನವರು ಗೆದ್ದಾಗ ಬೆನ್ ಮನೆಯಲ್ಲಿ ಯಾರೂ ನನ್ನನ್ನು ಎರಡನೇ ಲೋಟ ಚಹಾ ಬೇಕೇ ಎಂದು ಕೇಳಲಿಲ್ಲ. ಆಮೇಲೆ ಮೂರು ಆಟ ಸಾಲಾಗಿ ಕೆಂಪಿಗೆ ಹೋಯಿತು. ಐದನೆಯದನ್ನು ನನ್ನವರು ಹಲ್ಲುಕಚ್ಚಿ ಗೆದ್ದರು. ಅವತ್ತು ಮಧ್ಯಾಹ್ನ ಎಷ್ಟು ಜೋರಾಗಿ ವಾದ ನಡೆಯಿತೆಂದರೆ, ಮಾತಿನ ಭರದಲ್ಲಿ ಗೆಳತಿ, "ಅಲ್ಲ ಕಣೇ, ಸ್ವಲ್ಪ ಬುದ್ಧಿ ಉಪಯೋಗಿಸು" ಎಂದಳು. ಅಷ್ಟು ವರ್ಷ ರೀ ಎಂದು ಕರೆದವಳು. ತಕ್ಷಣ ನಾಲಿಗೆ ಕಚ್ಚಿಕೊಂಡಳು. ನಾನು ಕೇಳಿಸದವಳಂತೆ ವಾದ ಮುಂದುವರಿಸಿದೆ, ಎಲ್ಲಿ ಮತ್ತೆ ರೀ ಶುರುಮಾಡುತ್ತಾಳೋ ಎಂಬ ಭಯಕ್ಕೆ.

ಆರನೇ ಆಟದ ಬೆಳಗ್ಗೆ ನೀರು ಬಂದಿತೋ ಇಲ್ಲವೋ ನನಗೆ ನೆನಪಿಲ್ಲ. ನನ್ನವರು ಗೆದ್ದರೆ ಸಮ, ಏಳನೇ ಆಟ; ಸೋತರೆ ಎಲ್ಲ ಮುಗಿಯಿತು. ಕೊನೆಯ ನಿಮಿಷದವರೆಗೂ ನೇರಳೆಯೇ ಕೊಂಚ ಮುಂದಿತ್ತು. ಬೆನ್ ಸರಪಳಿಯನ್ನು ಎರಡೂ ಕೈಯಲ್ಲಿ ಹಿಡಿದು ತುಟಿಯಲ್ಲಿ ಏನೋ ಜಪಿಸುತ್ತಿದ್ದರು. ನಾನು ಗೆಳತಿಯ ಮುಖದಿಂದ ಕಣ್ಣು ತೆಗೆಯಲಿಲ್ಲ. ಟೀವಿಯಲ್ಲಿ ಜನ ಹುಯ್ಯೆಂದರು, ಗೆಳತಿಯ ಮುಖ ಪೂರ್ತಿ ಬಾಡಿತು.

ಗೆದ್ದೆವು ಎಂದುಕೊಂಡು ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ.

ಬೆನ್ ಜೋಕಾಲಿಯಿಂದ ಜಿಗಿದು ಬಂದು ನನ್ನನ್ನು ಅಪ್ಪಿಕೊಂಡು, ಬಿದ್ದು ಬಿದ್ದು ನಗುತ್ತಾ ಟೀವಿಯ ಕಡೆ ತಿರುಗಿಸಿದರು. ಅಲ್ಲಿ ಕೆಂಪು ಅಂಗಿಯವರು ಕುಣಿಯುತ್ತಿದ್ದರು. ಕೊನೆಯ ಗಳಿಗೆಯಲ್ಲಿ ಚೆಂಡು ಹಾಕಿ, ಒಂದೇ ಒಂದು ಪಾಯಿಂಟಿನಿಂದ ಕಪ್ ಹೊಡೆದಿದ್ದರು. ನನಗೆ ನಾಚಿಕೆಯಾಯಿತು, ಲೆಕ್ಕ ಹೇಗೆ ತಪ್ಪಿತು ಎಂದು ತಿಳಿಯಲಿಲ್ಲ. ಬೆನ್ ಪೇಡೆಯ ಡಬ್ಬಿ ತರಲು ಒಳಗೆ ಹೋದಾಗ ನಾನು ಮೆಲ್ಲನೆ ಮೆಟ್ಟಿಲಿಳಿದೆ. ಹಿಂದೆಯೇ ಗೆಳತಿಯ ಚಪ್ಪಲಿ ಸದ್ದು ಕೇಳಿತು.

"ನಿಮ್ಮವರು ಗೆದ್ರು, ಮಾರಿ ಯಾಕ ಹಂಗ ಮಾಡಿದ್ರಿ?" ಎಂದು ಕೇಳಿದೆ.

ಅವಳು ಮೆಟ್ಟಿಲ ಕಟಕಟೆ ಹಿಡಿದು ನಿಂತಳು. "ಏಳನೇದೊಂದು ಇರಲಿ ಅಂತ ಅನ್ನಿಸ್ತು ಕಣೇ. ಇನ್ನೆರಡು ದಿನ ಜಗಳ ಆಡಬಹುದಿತ್ತು."

ಸೋತ ದಿನ ಅಷ್ಟು ಸಂತೋಷಪಟ್ಟವರು ಇನ್ನಾರೂ ಇರಲಿಕ್ಕಿಲ್ಲ. ತಲೆಯೆತ್ತಿದರೆ ಮೇಲಿನ ಮೆಟ್ಟಿಲಲ್ಲಿ ಬೆನ್ ಪೇಡೆಯ ಡಬ್ಬಿ ಹಿಡಿದು ನಿಂತಿದ್ದರು. ಕನ್ನಡ ಅವರಿಗೆ ಬರುತ್ತಿರಲಿಲ್ಲ, ಆದರೆ ಅವರು ನೋಡುತ್ತಿದ್ದದ್ದು ನಮ್ಮ ಮಾತನ್ನಲ್ಲ. ಆ ನೋಟ ನನಗೆ ಪರಿಚಿತ. ಕಹಿ ಚಹಾದ ಎರಡನೇ ಲೋಟ ಹಿಡಿದು ನಾನೂ ಹಾಗೆಯೇ ಮೆಟ್ಟಿಲ ಕಡೆ ನೋಡಿದವಳು. ಕನಿಕರ ಬರಬೇಕಾಗಿತ್ತು, ಬರಲಿಲ್ಲ. ಒಳಗೊಳಗೆ ಚೆನ್ನಾಗಾಯಿತು ಎನ್ನಿಸಿತು.

ಕೆಲವು ದಿನ ಬಿಟ್ಟು ಬೆನ್ ಇಬ್ಬರನ್ನೂ ಚಹಾಕ್ಕೆ ಕರೆದರು. ಹೋಗಿ ನೋಡಿದರೆ ಜೋಕಾಲಿ ಖಾಲಿ. ಬೆನ್ ನನ್ನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು.

"ಆವೋ. ತಮೇ ತ್ಯಾಂ ಬೇಸೋ," ಎಂದು ನನಗೆ ಕೂರಲು ಜೋಕಾಲಿ ತೋರಿಸಿದರು. ಅತಿಥಿಗಳನ್ನು ಇಷ್ಟು ದಿನ ಕುರ್ಚಿಯಲ್ಲಿ ಕೂರಿಸಿದ್ದು ತಪ್ಪಾಯಿತಂತೆ. ಗೆಳತಿಯ ಪಕ್ಕ, ಜೋಕಾಲಿಯ ಮೇಲೆ, ಬೇಸಿಗೆಯೆಲ್ಲ ನಾನು ಹಂಬಲಿಸಿದ್ದ ಜಾಗ. ಇಲ್ಲವೆನ್ನಲು ಬಾಯಿ ಬರಲಿಲ್ಲ, ಕೂತೆ.

ಬೆನ್ ಚಹಾ ಕೊಟ್ಟು, ನಿಧಾನವಾಗಿ ಹಿಂದಿಯಲ್ಲಿ ಹೇಳಿದರು: ತಮ್ಮ ಫೋನ್ ಮಾಡಿದ್ದ. ಕೆಂಪು ತಂಡ ಒಡೆಯುತ್ತದೆ, ಕೋಚ್ ಹೋಗುತ್ತಾನೆ, ದೊಡ್ಡ ಆಟಗಾರರೂ ನಿಲ್ಲುವುದಿಲ್ಲ ಎಂದು ಅಲ್ಲಿ ಮಾತು. ಬರುವ ವರ್ಷ ಕೆಂಪಿಗೆ ಏನೂ ಉಳಿಯುವುದಿಲ್ಲ. ಆದ್ದರಿಂದ ಇನ್ನು ಮೇಲೆ ತಾನೂ ನೇರಳೆಯವರ ಕಡೆ.

"ಅದೆಂಗೆ ಬೆನ್?" ಎಂದು ಗೆಳತಿ ಕನ್ನಡದಲ್ಲೇ ಶುರುಮಾಡಿ, ಮರುಕ್ಷಣ ಹಿಂದಿಗೆ ತಿರುಗಿದಳು. ಒಡೆಯುವುದಿಲ್ಲ, ನಿಮ್ಮ ತಮ್ಮನಿಗೆ ಏನು ಗೊತ್ತು, ಒಡೆದರೂ ಆ ಮುದುಕರ ಕೈಯಲ್ಲಿ ಏನಾಗುತ್ತದೆ? ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಾಗಿದಳು. ಬೆನ್ ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡರು. ಅವರ ಕಣ್ಣು ನನ್ನ ಗೆಳತಿಯ ಮುಖದ ಮೇಲಿತ್ತು. ಜೋಕಾಲಿ ತೂಗುತ್ತಿತ್ತು, ಪಕ್ಕದಲ್ಲಿ ಕೂತ ನನಗೆ ಅವಳ ಒಂದು ಕಿವಿ ಮತ್ತು ಅಲುಗುವ ಓಲೆ ಮಾತ್ರ ಕಾಣುತ್ತಿತ್ತು. ನಡುನಡುವೆ ಅವಳು ನನ್ನ ಕಡೆ ತಿರುಗದೆಯೇ "ಅಲ್ವೇನೇ?" ಎಂದು ಕೇಳುತ್ತಿದ್ದಳು, ನಾನು "ಹೌದು, ಹೌದು" ಎನ್ನುತ್ತಿದ್ದೆ.

ಆ ಸಂಜೆ ಗಂಡ ಬಂದು ಊಟಕ್ಕೆ ಕೂತಾಗ ರೊಟ್ಟಿ ಬಡಿಸುತ್ತಾ ಕೇಳಿದೆ, "ಅಮೆರಿಕಾದಾಗ ಇನ್ನೂ ಯಾವ್ಯಾವ ಬಣ್ಣದ ತಂಡ ಅದಾವ್ರಿ?"